ವಿಟಮಿನ್ ಎ ನೆಟ್ಟಗೆ ಕಣ್ಣಿಗೆ ಹೋಗುವುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಕ್ಯಾರೆಟ್ ಮತ್ತು ಕಣ್ಣಿನ ನಂಟನ್ನು ಕುರಿತ ಬರಹವೊಂದು ಬಂದಿತ್ತು. ಜೊತೆಗೆ ಒಂದು ಚಿತ್ರ: ಎಡಕ್ಕೆ ದಪ್ಪನೆಯ ಕ್ಯಾರೆಟ್, ಬಲಕ್ಕೆ ಅರಳಿದ ಕಣ್ಣು, ಎರಡರ ನಡುವೆ ನೆಟ್ಟಗೆ ಎಳೆದ ಕೆಂಪು ಬಾಣ. ಬರಹದಲ್ಲಿ ಹೇಳಿದ್ದು ಬಹುಮಟ್ಟಿಗೆ ಸರಿಯಾಗಿಯೇ ಇದೆ, ಹೇಳದೆ ಬಿಟ್ಟದ್ದು ಬಹಳ. ಆದರೆ ಆ ಬಾಣ ಮಾತ್ರ ಪೂರಾ ತಪ್ಪು. ಆಕ್ಷೇಪ ಎತ್ತುವ ಮೊದಲು ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲಿ ನಾನೂ ವರ್ಷ ವರ್ಷ ಕರಿಹಲಗೆಯ ಮೇಲೆ ಇದೇ ಬಾಣವನ್ನು ಎಳೆದವನು. ‘ವಿಟಮಿನ್ ಎ ಕೊರತೆಯಿಂದ ಇರುಳುಗುರುಡು’ ಎಂದು ಬರೆಸಿ, ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕೆಂದು ಮುಂದಿನ ಪಾಠಕ್ಕೆ ಹೋದವನು. ಆ ಒಂದು ಗೆರೆಯೊಳಗೆ ಕರುಳು, ಯಕೃತ್ತು, ರಕ್ತ, ಮೂತ್ರಪಿಂಡ ಎಲ್ಲವೂ ಅಡಗಿವೆಯೆಂದು ಓದಿ ಗೊತ್ತಿತ್ತು. ಮನಸ್ಸಿಗೆ ನಾಟಿದ್ದು ಮಾತ್ರ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ.

ಶಿರಸಿಯ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ದೊಡ್ಡಪ್ಪನವರು ಸಂಜೆ ತೋಟದಿಂದ ಮನೆಗೆ ಬರುವಾಗ, ಹುಟ್ಟಿದಾರಭ್ಯ ದಾಟುತ್ತಿದ್ದ ದಣಪೆಯ (ಬೇಲಿಯ ದಾರಿಬಾಗಿಲಿನ) ಅಡ್ಡಕೋಲು ಕಾಣದೆ ಮೊಣಕಾಲು ಬಡಿಸಿಕೊಳ್ಳತೊಡಗಿದರು. ಹಗಲಿನಲ್ಲಿ ಪತ್ರಿಕೆಯ ಸಣ್ಣ ಅಕ್ಷರವನ್ನೂ ಓದುತ್ತಿದ್ದ ಕಣ್ಣು ದೀಪ ಹಚ್ಚುವ ಹೊತ್ತಿಗೆ ಕೈಕೊಡುತ್ತಿತ್ತು. ಎರಡು ಸಲ ಕನ್ನಡಕ ಬದಲಾಯಿತು. ನೆಂಟರಿಷ್ಟರ ಸಲಹೆಯಂತೆ ದಿನಾ ಬೆಳಿಗ್ಗೆ ದೊಡ್ಡ ಲೋಟದ ತುಂಬ ಕ್ಯಾರೆಟ್ ರಸ ಶುರುವಾಯಿತು. ಮೂರು ತಿಂಗಳಾದ ಮೇಲೆ ಅವರ ಅಂಗೈ, ಅಂಗಾಲು ಅರಿಶಿನ ಹಚ್ಚಿದ ಹಾಗೆ ಹಳದಿಯಾದವು. ಕಾಮಾಲೆಯೆಂದು ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಣ್ಣಿನ ಬಿಳಿಭಾಗ ಬೆಳ್ಳಗೇ ಇದೆಯಲ್ಲ, ಇದು ಕಾಮಾಲೆಯಲ್ಲ, ಕ್ಯಾರೆಟ್ಟಿನ ಬಣ್ಣ ಚರ್ಮಕ್ಕೆ ಇಳಿದಿದೆ ಎಂದು ವೈದ್ಯರು ನಕ್ಕರು. ಆದರೆ ರಕ್ತ ಪರೀಕ್ಷೆಯ ವರದಿ ಬಂದಾಗ ನಗಲಿಲ್ಲ. ಯಾರಿಗೂ ಗೊತ್ತಾಗದಂತೆ ದೊಡ್ಡಪ್ಪನವರ ಯಕೃತ್ತು ವರ್ಷಗಳಿಂದ ಸೊರಗಿತ್ತು. ಅದು ತಯಾರಿಸಬೇಕಾದ ಪ್ರೋಟೀನುಗಳು ರಕ್ತದಲ್ಲಿ ಇಳಿದುಹೋಗಿದ್ದವು, ಸತುವಿನ ಅಂಶವೂ ಕಡಿಮೆಯಿತ್ತು. ಕ್ಯಾರೆಟ್ಟಿನ ಬಣ್ಣ ಅಂಗೈವರೆಗೆ ಬಂದಿತ್ತು, ಕಣ್ಣಿಗೆ ಬೇಕಾದದ್ದು ಕಣ್ಣಿಗೆ ಮುಟ್ಟಿರಲಿಲ್ಲ.

ಹಾಗಾದರೆ ಅದು ಮುಟ್ಟುವುದು ಹೇಗೆ? ಮೊದಲನೆಯದಾಗಿ, ಕ್ಯಾರೆಟ್ಟಿನಲ್ಲಿ ಇರುವುದು ವಿಟಮಿನ್ ಎ ಅಲ್ಲ, ಅದಕ್ಕೆ ಮೂಲವಾಗುವ ಬೀಟಾ ಕ್ಯಾರೋಟೀನ್ ಎಂಬ ಬಣ್ಣದ ವಸ್ತು. ನಮ್ಮ ಹಿತ್ತಿಲ ಹರಿವೆ, ಬಸಳೆ, ನುಗ್ಗೆಸೊಪ್ಪು, ಸಿಹಿಗುಂಬಳ, ಪಪ್ಪಾಯಿ, ಅಂಕೋಲೆಯ ಕರಿ ಈಶಾಡು ಮಾವು ಇವೆಲ್ಲದರಲ್ಲೂ ಇರುವುದು ಅದೇ. ಸಣ್ಣ ಕರುಳಿನ ಗೋಡೆಯ ಕೋಶಗಳಲ್ಲಿ ಒಂದು ಕಿಣ್ವ ಆ ಉದ್ದನೆಯ ಅಣುವನ್ನು ನಡುವೆ ಸೀಳುತ್ತದೆ. ಅದರಿಂದ ಮುಂದೆ ಆಗುವುದು ರೆಟಿನಾಲ್, ಅಂದರೆ ನಿಜವಾದ ವಿಟಮಿನ್ ಎ. ಆಹಾರದ ಲೆಕ್ಕದಲ್ಲಿ ಸುಮಾರು 12 ಮೈಕ್ರೋಗ್ರಾಂ ಕ್ಯಾರೋಟೀನಿಗೆ 1 ಮೈಕ್ರೋಗ್ರಾಂ ರೆಟಿನಾಲ್ ಎಂದು ಅಮೆರಿಕದ ಕೋಷ್ಟಕಗಳು ಹಿಡಿಯುತ್ತವೆ. ಹಾಲು, ಬೆಣ್ಣೆ, ಮೊಟ್ಟೆಯ ಹಳದಿ, ಮೀನಿನ ಯಕೃತ್ತು ಇಂಥ ಪ್ರಾಣಿಮೂಲದ ಆಹಾರಗಳಲ್ಲಿ ಮಾತ್ರ ಅದು ಸಿದ್ಧರೂಪದಲ್ಲಿ ಇರುತ್ತದೆ. ಎರಡರಲ್ಲಿ ಯಾವುದೇ ಆಗಲಿ, ಜಿಡ್ಡಿನೊಡನೆ ಬೆರೆತರೆ ಮತ್ತು ಪಿತ್ತರಸ ಸೇರಿದರೆ ಮಾತ್ರ ಕರುಳು ಅದನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಹಸಿ ಕ್ಯಾರೆಟ್ ರಸವನ್ನು ಖಾಲಿ ಹೊಟ್ಟೆಯಲ್ಲಿ ಕುಡಿಯುವುದಕ್ಕಿಂತ, ಸೊಪ್ಪು ಬಾಡಿಸಿ ಕಾಯಿ ಅರೆದು ಮಾಡಿದ ತಂಬುಳಿಯನ್ನು ಒಂದು ಮಿಳ್ಳೆ ತುಪ್ಪ ಬಿದ್ದ ಅನ್ನಕ್ಕೆ ಕಲಸಿ ಉಣ್ಣುವುದು ಹೆಚ್ಚು ಉಪಯೋಗಕರ. ಅಜ್ಜಿಯಂದಿರಿಗೆ ಇದು ಗೊತ್ತಿತ್ತೆಂದು ನಾನು ಹೇಳುವುದಿಲ್ಲ. ಅವರು ರುಚಿಗೆ ಮಾಡಿದರು, ಲಾಭ ಕಣ್ಣಿಗೂ ಆಯಿತು.

ಕರುಳಿನಿಂದ ಹೊರಟ ರೆಟಿನಾಲ್ ನೇರವಾಗಿ ರಕ್ತಕ್ಕೆ ಇಳಿಯುವುದಿಲ್ಲ. ಕೊಬ್ಬಿನ ಆಮ್ಲದೊಡನೆ ಕಟ್ಟಿಕೊಂಡು, ಕೈಲೊಮೈಕ್ರಾನ್ ಎಂಬ ಸೂಕ್ಷ್ಮ ಜಿಡ್ಡಿನ ಹನಿಗಳೊಳಗೆ ಕುಳಿತು, ರಕ್ತನಾಳಗಳಿಂದ ಬೇರೆಯಾದ ದುಗ್ಧನಾಳಗಳಲ್ಲಿ (ಲಿಂಫ್ ನಾಳಗಳಲ್ಲಿ) ಮೇಲೇರಿ, ಕುತ್ತಿಗೆಯ ಬುಡದ ಹತ್ತಿರ ರಕ್ತವನ್ನು ಸೇರಿ, ಕೊನೆಗೆ ಬಹುಪಾಲು ಯಕೃತ್ತಿಗೆ ಬಂದು ತಂಗುತ್ತದೆ. ಇದು ದೇಹದ ಉಗ್ರಾಣ. ಕಾರವಾರದ ಮೀನು ಪೇಟೆಯಲ್ಲಿ ಮೋರಿಯನ್ನು, ಅಂದರೆ ಚಿಕ್ಕ ಶಾರ್ಕನ್ನು, ಹೊಟ್ಟೆ ಸೀಳುವಾಗ ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಹೊಟ್ಟೆಯ ಉದ್ದಕ್ಕೂ ಎರಡು ಹೋಳಾಗಿ ಹರಡಿದ, ಬೆರಳು ಒತ್ತಿದರೆ ಎಣ್ಣೆ ಜಿನುಗುವ, ಮಾಸಲು ಬಣ್ಣದ ಆ ಯಕೃತ್ತು ಕರುಳನ್ನೆಲ್ಲ ಮುಚ್ಚಿಕೊಂಡಿರುತ್ತದೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ವಿದೇಶದ ಕಾಡ್ ಮೀನಿನ ಎಣ್ಣೆ ಬರುವುದು ನಿಂತಾಗ ಪಶ್ಚಿಮ ಕರಾವಳಿಯಲ್ಲಿ ಶಾರ್ಕ್ ಯಕೃತ್ತಿನ ಎಣ್ಣೆಯ ಉದ್ಯಮ ತಲೆಯೆತ್ತಿದ್ದು ಈ ಕಾರಣಕ್ಕೇ. ನಮ್ಮ ಯಕೃತ್ತಿನಲ್ಲಿ ಈ ದಾಸ್ತಾನು ನಕ್ಷತ್ರಾಕಾರದ ಒಂದು ಬಗೆಯ ಕೋಶಗಳಲ್ಲಿ ಎಣ್ಣೆಯ ಹನಿಗಳಾಗಿ ಇರುತ್ತದೆ. ಆ ಕೋಶಗಳನ್ನು 1876ರಲ್ಲಿ ಮೊದಲು ಗುರುತಿಸಿದವರು ಜರ್ಮನಿಯ ಕುಪ್ಫರ್; ಅವುಗಳಲ್ಲಿ ಇರುವುದು ವಿಟಮಿನ್ ಎ ಎಂದು ಜಪಾನಿನ ಕೆಂಜಿರೋ ವಾಕೆ ತೋರಿಸಿದ್ದು 1971ರಲ್ಲಿ. ಚೆನ್ನಾಗಿ ಉಂಡವರ ಉಗ್ರಾಣ ತಿಂಗಳುಗಟ್ಟಲೆ ಸಾಕಾಗುವಷ್ಟು ತುಂಬಿರುತ್ತದೆ.

ಇನ್ನು ಮುಂದಿನದೇ ನಿಮ್ಮ ಬಾಣ ಹಾರಿಬಿಟ್ಟ ಭಾಗ. ರೆಟಿನಾಲ್ ಎಣ್ಣೆಯ ಜಾತಿಯದು, ರಕ್ತ ನೀರಿನ ಜಾತಿಯದು. ತಾನೇ ತಾನಾಗಿ ಅದು ರಕ್ತದಲ್ಲಿ ಈಜಲಾರದು. ಒಂಟಿಯಾಗಿ ಬಿಟ್ಟರೆ ಕಂಡ ಕಂಡ ಕೋಶಗಳ ಪೊರೆಗೆ ಅಂಟಿಕೊಂಡು ಕೆಡಿಸುವ ಸ್ವಭಾವವೂ ಅದಕ್ಕಿದೆ. ಹೀಗಾಗಿ ಅದನ್ನು ದಾಟಿಸಲು ಒಬ್ಬ ಅಂಬಿಗ ಬೇಕು. ಯಕೃತ್ತು ತಾನೇ ಆ ಅಂಬಿಗನನ್ನು ತಯಾರಿಸುತ್ತದೆ: ರೆಟಿನಾಲ್ ಬೈಂಡಿಂಗ್ ಪ್ರೋಟೀನ್, ಚುಟುಕಾಗಿ ಆರ್‌ಬಿಪಿ. 1968ರಲ್ಲಿ ಮಾನವ ರಕ್ತದಿಂದ ಇದನ್ನು ಬೇರ್ಪಡಿಸಲಾಯಿತು. ಅಂಬಿಗನೂ ಇದೇ, ದೋಣಿಯೂ ಇದೇ. ಈ ದೋಣಿ ಚಿಕ್ಕದು, ಒಂದು ಸಲಕ್ಕೆ ಒಂದೇ ಅಣು. ನಡುವಿನ ಪೊಟರೆಯಲ್ಲಿ ರೆಟಿನಾಲ್ ನೀರು ಸೋಕದಂತೆ ಮುದುಡಿ ಕೂರುತ್ತದೆ. ಚಿಕ್ಕದಾಗಿರುವುದೇ ಅದರ ಆಪತ್ತು. ಅದರ ಅಣುತೂಕ ಸುಮಾರು 21,000 ಡಾಲ್ಟನ್. ಅಷ್ಟು ಸಣ್ಣ ಪ್ರೋಟೀನ್ ಮೂತ್ರಪಿಂಡದ ಜರಡಿಯಲ್ಲಿ ಸಲೀಸಾಗಿ ಸೋರಿಹೋಗುತ್ತದೆ. ಅದಕ್ಕೆಂದೇ ರಕ್ತದಲ್ಲಿ ಟ್ರಾನ್ಸ್‌ಥೈರೆಟಿನ್ ಎಂಬ, 55,000 ಡಾಲ್ಟನ್ ತೂಗುವ, ಥೈರಾಯ್ಡ್ ಹಾರ್ಮೋನನ್ನೂ ಹೊರುವ ಇನ್ನೊಂದು ಪ್ರೋಟೀನಿಗೆ ಈ ದೋಣಿಯನ್ನು ಬಿಗಿಯುತ್ತಾರೆ. ಬಿಗಿಯುತ್ತಾರೆ ಎಂದೆ, ಬಿಗಿಯುವವರು ಯಾರೂ ಇಲ್ಲ, ಎರಡರ ಮೈಯೂ ಒಂದಕ್ಕೊಂದು ಹೊಂದುವಂತಿದೆ ಅಷ್ಟೆ. ಎರಡೂ ಸೇರಿದ ಮೇಲೆ ಗಾತ್ರ ದೊಡ್ಡದಾಗಿ ಜರಡಿಯ ಕಣ್ಣಿನಲ್ಲಿ ತೂರುವುದಿಲ್ಲ.

ಈ ಏರ್ಪಾಡು ಎರಡು ಬಗೆಯಲ್ಲಿ ಕೆಡಬಹುದು, ಮತ್ತು ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಇದಕ್ಕಾಗಿ. ದೋಣಿ ಇದ್ದು ಪಯಣಿಗರಿಲ್ಲದಿದ್ದರೆ, ಅಂದರೆ ಆಹಾರದಲ್ಲಿ ವಿಟಮಿನ್ ಎ ಇಲ್ಲದಿದ್ದರೆ, ಆರ್‌ಬಿಪಿ ಯಕೃತ್ತಿನಲ್ಲೇ ಕಾದು ಕೂತಿರುತ್ತದೆ. ವಿಟಮಿನ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಅದನ್ನು ಹತ್ತಿಸಿಕೊಂಡು ರಕ್ತಕ್ಕೆ ಹೊರಡುತ್ತದೆ. ಪಯಣಿಗರಿದ್ದು ದೋಣಿಯಿಲ್ಲದಿದ್ದರೆ, ಅಂದರೆ ಉಣ್ಣುವ ಅನ್ನದಲ್ಲಿ ಬೇಳೆ, ಹಾಲು, ಮೀನು, ಮೊಟ್ಟೆ ಯಾವುದೂ ಸಾಲದೆ ಪ್ರೋಟೀನಿನ ಬಡತನವಿದ್ದರೆ ಅಥವಾ ಯಕೃತ್ತೇ ಸೋತಿದ್ದರೆ, ಉಗ್ರಾಣದಲ್ಲಿ ಸರಕು ಇದ್ದೂ ಕಣ್ಣು ಉಪವಾಸ ಬೀಳುತ್ತದೆ. ಕ್ವಾಶಿಯೋರ್ಕರ್ ಎಂಬ ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಪ್ರೋಟೀನ್ ಇರುವ ಆಹಾರವನ್ನಷ್ಟೇ ಕೊಟ್ಟು ನೋಡಿದಾಗ, ವಿಟಮಿನ್ ಎ ಬೇರೆಯಾಗಿ ಕೊಡದಿದ್ದರೂ, ಯಕೃತ್ತಿನಲ್ಲಿ ಸ್ವಲ್ಪ ದಾಸ್ತಾನು ಉಳಿದಿದ್ದವರ ರಕ್ತದಲ್ಲಿ ರೆಟಿನಾಲ್ ಏರಿದ್ದನ್ನು 1970ರ ದಶಕದಲ್ಲಿ ಅಳೆದು ತೋರಿಸಿದ್ದಾರೆ. ಇದರ ಮತ್ತೊಂದು ಮಗ್ಗುಲೂ ಇದೆ. ಉಗ್ರಾಣ ಪೂರ್ತಿ ಬರಿದಾದ ಮಗುವಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನಷ್ಟೇ ಕುಡಿಸಿದರೆ, ಬೆಳವಣಿಗೆ ಹಠಾತ್ತನೆ ಚಿಗುರಿ, ಇದ್ದ ಚೂರುಪಾರು ವಿಟಮಿನ್ ಕೂಡ ಖರ್ಚಾಗಿ, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಕರಗಿಹೋದ ಉದಾಹರಣೆಗಳನ್ನು ವೈದ್ಯರು ಕಂಡಿದ್ದಾರೆ. ಎರಡೂ ಜೊತೆಯಲ್ಲಿ ಬೇಕು.

ಸತುವಿನ ಪಾಲು ಇದರಲ್ಲಿ ಎಷ್ಟೆಂಬುದನ್ನು ದೊಡ್ಡಪ್ಪನವರ ಕಾಯಿಲೆಯ ನಂತರವೇ ನಾನು ವಿವರವಾಗಿ ಓದಿದ್ದು. ಆರ್‌ಬಿಪಿ ತಯಾರಾಗಲು ಸತು ಬೇಕು. ಕಣ್ಣಿನೊಳಗೆ ರೆಟಿನಾಲನ್ನು ಬಳಕೆಯ ರೂಪಕ್ಕೆ ತರುವ ಕಿಣ್ವಕ್ಕೂ ಬೇಕು. ಯಕೃತ್ತಿನ ರೋಗಿಗಳಲ್ಲಿ ಕೆಲವರ ಇರುಳುಗುರುಡು ವಿಟಮಿನ್ ಎ ಗುಳಿಗೆಗೆ ಬಗ್ಗದೆ, ಸತು ಕೊಟ್ಟ ಮೇಲೆ ಬಗ್ಗಿದ್ದುಂಟು. ನಮ್ಮ ಮನೆಯಲ್ಲೂ ಆಹಾರ ತಿದ್ದಿ, ಸತು ಕೊಟ್ಟು, ವಿಟಮಿನ್ನನ್ನು ವೈದ್ಯರು ಅಳೆದು ಕೊಟ್ಟ ನಂತರವೇ ದಣಪೆಯ ಕೋಲು ಪುನಃ ಕಾಣಿಸಿತು.

ಈಗ ಕಣ್ಣಿನ ಧಕ್ಕೆಗೆ, ಅಂದರೆ ದೋಣಿ ಬಂದು ನಿಲ್ಲುವ ಕಟ್ಟೆಗೆ, ಬರೋಣ. ಕಣ್ಣಿನ ಒಳಗೆ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ತೆರೆಯೇ ಅಕ್ಷಿಪಟಲ; ಅದರ ಹಿಂದೆ ರಕ್ತನಾಳಗಳ ದಟ್ಟ ಹಾಸು ಇದೆ. ಆ ಹಾಸಿಗೂ ಅಕ್ಷಿಪಟಲಕ್ಕೂ ನಡುವೆ, ಕೋಶಗಳು ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ನಿಂತ ಕಪ್ಪು ಬಣ್ಣದ ಪದರವಿದೆ. ರಕ್ತದಲ್ಲಿರುವುದೆಲ್ಲ ಕಣ್ಣಿನೊಳಗೆ ನುಗ್ಗದಂತೆ ತಡೆಯುವ ಗೋಡೆ ಅದು. ದೋಣಿ ಈ ಗೋಡೆಯ ತನಕ ಬರುತ್ತದೆ, ಒಳಗೆ ಹೋಗುವುದಿಲ್ಲ. ಗೋಡೆಯ ಕೋಶಗಳ ಹೊರಮೈಯಲ್ಲಿ ಸ್ಟ್ರಾ6 ಎಂಬ ಪ್ರೋಟೀನ್ ಕಾದಿರುತ್ತದೆ. ಅದು ಆರ್‌ಬಿಪಿಯನ್ನು ಹಿಡಿದು ರೆಟಿನಾಲನ್ನು ಮಾತ್ರ ಒಳಗೆ ಇಳಿಸಿಕೊಳ್ಳುತ್ತದೆ. ಈ ಇಳಿಸುವವನನ್ನು ವಿಜ್ಞಾನಿಗಳು ಗುರುತಿಸಿದ್ದು 2007ರಲ್ಲಿ, ಅಂದರೆ ದೋಣಿ ಸಿಕ್ಕಿ ಸುಮಾರು ನಾಲ್ಕು ದಶಕಗಳಾದ ಮೇಲೆ. ನಾನು ಪಾಠ ಮಾಡಿದ ವರ್ಷಗಳ ಬಹುಭಾಗದಲ್ಲಿ ಯಾವ ಪುಸ್ತಕದಲ್ಲೂ ಅದರ ಹೆಸರಿರಲಿಲ್ಲ ಎಂಬುದಷ್ಟೇ ನನಗಿರುವ ಸಮಾಧಾನ. ಸರಕು ಇಳಿಸಿದ ಖಾಲಿ ದೋಣಿಯ ಹಿಡಿತ ಟ್ರಾನ್ಸ್‌ಥೈರೆಟಿನ್ ಮೇಲೆ ಸಡಿಲವಾಗಿ, ಅದು ಬೇರ್ಪಟ್ಟು, ಮೂತ್ರಪಿಂಡದಲ್ಲಿ ಸೋಸಿಹೋಗುತ್ತದೆ. ಮರಳಿ ತುಂಬಲು ಅದನ್ನು ಯಾರೂ ಕರೆತರುವುದಿಲ್ಲ. ಯಕೃತ್ತು ಹೊಸದನ್ನೇ ಕಟ್ಟಬೇಕು. ಪ್ರೋಟೀನ್ ದಿನದಿನದ ಊಟದಲ್ಲಿ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಚೆನ್ನಾದ ಕಾರಣ ನನಗೆ ತೋಚುವುದಿಲ್ಲ.

ಒಳಗೆ ಇಳಿದ ರೆಟಿನಾಲನ್ನು ಆ ಕಪ್ಪು ಪದರದ ಕೋಶಗಳು ಬಾಗಿಸಿ, ಅಂದರೆ ಅಣುವಿನ ನೆಟ್ಟಗಿನ ಬಾಲವನ್ನು ಒಂದು ಕಡೆ ಮಡಚಿ, ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಅಕ್ಷಿಪಟಲದ ದಂಡಕೋಶಗಳಿಗೆ ದಾಟಿಸುತ್ತವೆ. ಅಲ್ಲಿ ಅದು ಆಪ್ಸಿನ್ ಎಂಬ ಪ್ರೋಟೀನಿನೊಡನೆ ಸೇರಿ ರೊಡಾಪ್ಸಿನ್ ಎಂಬ ನಸುಗೆಂಪು ಬಣ್ಣವಾಗುತ್ತದೆ. ಬೆಳಕಿನ ಒಂದು ಕಣ ತಾಗಿದರೆ ಸಾಕು, ಮಡಚಿದ ಬಾಲ ಚಟ್ಟನೆ ನೆಟ್ಟಗಾಗುತ್ತದೆ. ನಾವು ‘ಕಂಡಿತು’ ಎನ್ನುವುದಕ್ಕೆ ಮೊದಲ ಮಿಸುಕಾಟ ಅದೇ. ಕಪ್ಪೆಯ ಅಕ್ಷಿಪಟಲದ ಈ ಬಣ್ಣ ಬೆಳಕಿಗೆ ಮಾಸುವುದನ್ನು ಫ್ರಾಂಜ್ ಬೋಲ್ ಕಂಡದ್ದೂ 1876ರಲ್ಲೇ. ಉಗ್ರಾಣದ ಕೋಶಗಳೂ ಕಣ್ಣಿನ ಬಣ್ಣವೂ ಒಂದೇ ವರ್ಷ ಬೇರೆ ಬೇರೆಯವರಿಗೆ ಕಾಣಿಸಿಕೊಂಡು, ಒಂದಕ್ಕೊಂದು ಸಂಬಂಧವಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲವೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಅಕ್ಷಿಪಟಲದಲ್ಲಿ ವಿಟಮಿನ್ ಎ ಇದೆಯೆಂದು 1933ರಲ್ಲಿ ಕಂಡುಕೊಂಡು, ಈ ಚಕ್ರವನ್ನು ಬಿಡಿಸಿಟ್ಟ ಜಾರ್ಜ್ ವಾಲ್ಡ್ ಅವರಿಗೆ 1967ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು. ನೆಟ್ಟಗಾದ ಅಣು ಹಿಂದಿನ ಪದರಕ್ಕೆ ಮರಳಿ, ಅಲ್ಲಿ ಮತ್ತೆ ಬಾಗಿ, ಮತ್ತೆ ಬರುತ್ತದೆ. ಮಳೆಗಾಲದ ರಾತ್ರಿ ಕರೆಂಟ್ ಹೋದಾಗ ಮೊದಲು ಏನೂ ಕಾಣದೆ, ತಡಕಾಡುತ್ತ ಕೂತ ಹಾಗೆ ನಿಧಾನವಾಗಿ ಬಾಗಿಲು, ಕಿಟಕಿ, ಮೂಲೆಯ ಕೊಡೆ ಒಂದೊಂದಾಗಿ ಮೂಡುವುದಿದೆಯಲ್ಲ, ಆ ಅರ್ಧ ಗಂಟೆಯಲ್ಲಿ ನಡೆಯುತ್ತಿರುವುದು ಈ ಮರುಜೋಡಣೆಯೇ. ದೊಡ್ಡಪ್ಪನವರಿಗೆ ಆ ಮೂಡುವಿಕೆಯೇ ನಿಂತುಹೋಗಿತ್ತು.

ಕಣ್ಣಿನ ಮುಂಭಾಗದ ಕಾರ್ನಿಯಾದ ದಾರಿ ಬೇರೆ. ಪಾರದರ್ಶಕವಾಗಿರಬೇಕಾದ್ದರಿಂದ ಅಲ್ಲಿ ರಕ್ತನಾಳಗಳೇ ಇಲ್ಲ. ಕಣ್ಣೀರಿನ ಗ್ರಂಥಿ ರಕ್ತದಿಂದ ಪಡೆದ ವಿಟಮಿನ್ನನ್ನು ಕಣ್ಣೀರಿನ ಮೂಲಕ ಅದಕ್ಕೆ ಉಣಿಸುತ್ತದೆ. ಕೊರತೆಯಾದ ಮಕ್ಕಳ ಕಣ್ಣು ಒಣಗಿ, ಬಿಳಿಭಾಗದ ಮೇಲೆ ನೊರೆಯಂಥ ಕಲೆ ಕಾಣಿಸಿಕೊಳ್ಳುವುದು ಈ ದಾರಿಯೂ ಬತ್ತಿದಾಗ.

ಬೇರೆ ಅಂಗಗಳಿಗೂ ವಿಟಮಿನ್ ಎ ಬೇಕಲ್ಲವೇ, ಕಣ್ಣು ಮಾತ್ರ ಏಕೆ ಮೊದಲು ಸೋಲುತ್ತದೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದು ನೆನಪಿದೆ. ಆಗ ಉತ್ತರ ಗೊತ್ತಿರಲಿಲ್ಲ. ಆರ್‌ಬಿಪಿಯ ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದ ಜರ್ಮನಿಯ ಇಬ್ಬರು ಅಕ್ಕತಂಗಿಯರ ವರದಿ 1999ರಲ್ಲಿ ಪ್ರಕಟವಾಯಿತು. ಅವರ ರಕ್ತದಲ್ಲಿ ದೋಣಿಯೇ ಇರಲಿಲ್ಲ. ಆದರೂ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂಥ ಕುಂದಿಲ್ಲ. ರಾತ್ರಿಯ ನೋಟ ಮಾತ್ರ ಮಂಕು. ಊಟವಾದ ಮೇಲೆ ರಕ್ತದಲ್ಲಿ ಸುತ್ತುವ ಜಿಡ್ಡಿನ ಹನಿಗಳಿಂದ ಬೇರೆ ಅಂಗಗಳು ತಮ್ಮ ಪಾಲನ್ನು ಕಿತ್ತುಕೊಳ್ಳಬಲ್ಲವು. ಕಣ್ಣಿಗೆ ಆ ಶಕ್ತಿ ಅಷ್ಟಾಗಿ ಇಲ್ಲ, ಅದು ಮುಖ್ಯವಾಗಿ ಅಂಬಿಗನನ್ನೇ ನಂಬಿದೆ.

ಕೊರತೆ ಇದೆಯೋ ಇಲ್ಲವೋ ಎಂಬುದು ರಕ್ತ ಪರೀಕ್ಷೆಯಿಂದಲೇ ತಿಳಿಯುತ್ತದೆ ಎಂಬರ್ಥದ ಒಂದು ಸಾಲು ನಿಮ್ಮ ಬರಹದಲ್ಲಿತ್ತು, ಅದಕ್ಕೂ ತಿದ್ದುಪಡಿ ಬೇಕು. ರಕ್ತದ ರೆಟಿನಾಲ್ ಡೆಸಿಲೀಟರಿಗೆ 20 ಮೈಕ್ರೋಗ್ರಾಮಿಗಿಂತ ಇಳಿದರೆ ಕೊರತೆಯೆಂದು ಲೆಕ್ಕ. ಆದರೆ ಯಕೃತ್ತು ಉಗ್ರಾಣ ತಳ ಕಾಣುವವರೆಗೂ ರಕ್ತದ ಮಟ್ಟವನ್ನು ಒಂದೇ ಸಮ ಕಾಯ್ದುಕೊಳ್ಳುತ್ತದೆ; ಹೀಗಾಗಿ ವರದಿ ಸರಿಯಿದ್ದ ಮಾತ್ರಕ್ಕೆ ದಾಸ್ತಾನು ಇದೆಯೆಂದಲ್ಲ. ತದ್ವಿರುದ್ಧವಾಗಿ, ಜ್ವರ, ಸೋಂಕು ಇದ್ದಾಗ ಯಕೃತ್ತು ದೋಣಿ ಬಿಡುವುದನ್ನೇ ಕಡಿಮೆ ಮಾಡುವುದರಿಂದ, ದಾಸ್ತಾನು ಇದ್ದೂ ವರದಿಯಲ್ಲಿ ಕಡಿಮೆ ಕಾಣಬಹುದು. ದಡಾರದಲ್ಲಿ ಇದರ ಜೊತೆಗೆ ಮೂತ್ರದಲ್ಲೂ ಸೋರಿಕೆಯಾಗಿ ಮಕ್ಕಳ ಕಣ್ಣಿಗೆ ಸಂಚಕಾರ ಬರುತ್ತದೆ. ವರ್ಷ ತುಂಬಿದ ಮಗುವಿಗೆ ದಡಾರವಾದರೆ ಎರಡು ದಿನ ಸತತವಾಗಿ ತಲಾ 2 ಲಕ್ಷ ಯೂನಿಟ್ ವಿಟಮಿನ್ ಎ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅದಕ್ಕೇ.

ನಮ್ಮ ದೇಶದಲ್ಲಿ 1970ರಿಂದ ನಡೆಯುತ್ತಿರುವ, ಮಕ್ಕಳಿಗೆ ವಿಟಮಿನ್ ಎ ಕುಡಿಸುವ ಕಾರ್ಯಕ್ರಮವೂ ಈ ಉಗ್ರಾಣದ ತತ್ವವನ್ನೇ ನೆಚ್ಚಿಕೊಂಡಿದೆ. ಒಂಬತ್ತನೆಯ ತಿಂಗಳಿನಲ್ಲಿ ದಡಾರದ ಲಸಿಕೆಯೊಡನೆ 1 ಲಕ್ಷ ಯೂನಿಟ್, ಆಮೇಲೆ ಒಂದೂವರೆ ವರ್ಷದ ಸುಮಾರಿಗೆ ಶುರುವಾಗಿ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್, ಒಟ್ಟು 9 ಬಾರಿ. ಅಂಗನವಾಡಿಯಲ್ಲಿ ಚಮಚದಿಂದ ಹಾಕುವ ಆ ಹಳದಿ ದ್ರವ ಯಕೃತ್ತಿನಲ್ಲಿ ಕೂತು ತಿಂಗಳುಗಟ್ಟಲೆ ಇಷ್ಟಿಷ್ಟೇ ಹೊರಡುತ್ತದೆ. ತಾಯಂದಿರು ದಯವಿಟ್ಟು ಅದನ್ನು ತಪ್ಪಿಸಬಾರದು. ಆದರೆ ಉಗ್ರಾಣ ತುಂಬಿಸಿದ ಸರಕಾರ ದೋಣಿಯನ್ನೂ ಕಟ್ಟಿಕೊಡಲಾರದು. ಅದಕ್ಕೆ ಊಟವೇ ಆಗಬೇಕು. ಶಾಲೆಯಲ್ಲಿ ಕೊಡುವ ಮೊಟ್ಟೆ ಈ ದೃಷ್ಟಿಯಿಂದ ಅಪರೂಪದ ವಸ್ತು: ಪಯಣಿಗ, ದೋಣಿಗೆ ಬೇಕಾದ ಸಾಮಗ್ರಿ, ಹೀರಿಕೊಳ್ಳಲು ಜಿಡ್ಡು, ಸ್ವಲ್ಪ ಸತು, ಎಲ್ಲವೂ ಒಂದೇ ಓಡಿನೊಳಗೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಟ್ಟು ಸರಿದೂಗಿಸಿದೆವೆನ್ನುವುದು ಸರಿಯಲ್ಲ. ಶೇಂಗಾ ಚಿಕ್ಕಿಯಲ್ಲಿ ಪ್ರೋಟೀನ್ ಉಂಟು, ವಿಟಮಿನ್ ಎ ಇಲ್ಲ. ನಮ್ಮ ಮನೆಯಲ್ಲಿ ಮೊಟ್ಟೆ ಒಳಗೆ ಬರುವುದಿಲ್ಲ, ಆದ್ದರಿಂದ ನಾನು ಯಾರ ಪರವಾಗಿಯೂ ವಾದಿಸುತ್ತಿಲ್ಲ. ತಿನ್ನದವರ ಮಕ್ಕಳಿಗೆ ಹಾಲು, ತೊವ್ವೆ, ತುಪ್ಪ ಬಿದ್ದ ಸೊಪ್ಪಿನ ಪಲ್ಯ ಮೂರೂ ಬೇಕು, ಒಂದು ಮತ್ತೊಂದರ ಬದಲಿಗೆ ಆಗುವುದಿಲ್ಲ.

ಕನ್ನಡಕದ ನಂಬರಿಗೂ ವಿಟಮಿನ್ ಎಗೂ ಸಂಬಂಧವಿಲ್ಲವೆಂದು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ; ಅದು ಕಣ್ಣಗುಡ್ಡೆಯ ಆಕಾರದ ವಿಷಯ. ‘ಎಷ್ಟು ತಿಂದರೂ ಒಳ್ಳೆಯದೇ’ ಎಂದು ನಿಮ್ಮ ಬರಹ ಮುಗಿದದ್ದು ಮಾತ್ರ ನನಗೆ ಭಯ ಹುಟ್ಟಿಸಿತು. ಸೊಪ್ಪು ಹಣ್ಣಿನ ಕ್ಯಾರೋಟೀನ್ ಹೆಚ್ಚಾದರೆ ಅಂಗೈ ಹಳದಿಯಾಗುತ್ತದೆ, ಅಷ್ಟೆ. ಗುಳಿಗೆಯ ರೆಟಿನಾಲ್ ಹಾಗಲ್ಲ. ದೋಣಿಗಳು ಹೊರಲಾರದಷ್ಟು ಹೆಚ್ಚಾದಾಗ ಅದು ಹೊರಗೆ ಚೆಲ್ಲಿ ಯಕೃತ್ತಿಗೇ ಹಾನಿ ಮಾಡುತ್ತದೆ, ಗರ್ಭಿಣಿಯರಲ್ಲಿ ಭ್ರೂಣದ ಬೆಳವಣಿಗೆಯನ್ನು ಕೆಡಿಸುತ್ತದೆ. ವೈದ್ಯರು ಹೇಳದೆ ಅದನ್ನು ತೆಗೆದುಕೊಳ್ಳಲೇಬಾರದು. ಈ ಎಚ್ಚರಿಕೆಯನ್ನು ಪ್ರತ್ಯೇಕವಾಗಿ ಅಚ್ಚು ಹಾಕಿದರೆ ಉಪಕಾರವಾಗುತ್ತದೆ.

ಚಿತ್ರವನ್ನು ಮತ್ತೊಮ್ಮೆ ಪ್ರಕಟಿಸುವುದಾದರೆ, ಬಾಣ ಕರುಳಿಗೆ ಹೋಗಿ, ಯಕೃತ್ತಿನಲ್ಲಿ ತಂಗಿ, ಅಲ್ಲಿಂದ ಒಂದು ಪುಟ್ಟ ದೋಣಿಯಲ್ಲಿ ಕಣ್ಣಿನ ಹಿಂಬದಿಗೆ ಬರುವಂತೆ ಬರೆಸಬೇಕೆಂದು ಕೋರುತ್ತೇನೆ. ಜಾಗ ಸಾಲದೆಂದು ನಿಮ್ಮ ಕಲಾವಿದರು ಹೇಳಿದರೆ, ಕ್ಯಾರೆಟ್ಟನ್ನು ಸ್ವಲ್ಪ ಸಣ್ಣದು ಮಾಡಬಹುದು.

ಇತಿ ತಮ್ಮ ಓದುಗ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಕಾರವಾರ